ಬಂದರಿನಿಂದ ಶುರುವಾಗುವ ಮಂಗಳೂರು

ಐಹೊಳೆಯ ಮೇಗುತಿ ಗುಡ್ಡದ ಬಸದಿಯಲ್ಲಿ ರವಿಕೀರ್ತಿ ರಚಿಸಿದ ಶಾಸನವಿದೆ. ಕಾಲ ಕ್ರಿ.ಶ. 634. ಇಮ್ಮಡಿ ಪುಲಕೇಶಿಯ ಗೆಲುವುಗಳನ್ನು ಹಾಡಿಹೊಗಳುವ ಆ ಸಂಸ್ಕೃತ ಶಾಸನದಲ್ಲಿ ಗಂಗರ ಜತೆಗೆ ಆಳುಪರ ಹೆಸರೂ ಬರುತ್ತದೆ. ಮಂಗಳೂರು ಸೀಮೆಯನ್ನು ಶತಮಾನಗಳ ಕಾಲ ಆಳಿದವರು ಇದೇ ಆಳುಪರು. ಐಹೊಳೆ ಸೀಮೆಯ ಮರೋಳದಿಂದಲೋ ಹುನಗುಂದದಿಂದಲೋ ಮಂಗಳೂರು ನೋಡಲು ಹೊರಟವರಿಗೆ ಈ ಒಂದು ಸಂಗತಿ ತಿಳಿದಿದ್ದರೆ ಸಾಕು, ಆ ಊರು ಪರಸ್ಥಳ ಅನ್ನಿಸುವುದಿಲ್ಲ.

ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯ ಎಷ್ಟೋ ಕುಟುಂಬಗಳು ಕಟ್ಟಡ ಕೆಲಸಕ್ಕೆಂದು ಮಂಗಳೂರಿಗೆ ಹೋಗುತ್ತವೆ. ಅವರನ್ನು ನೋಡಲು ಹೋದ ನೆಂಟರು ಸಾಮಾನ್ಯವಾಗಿ ಪಣಂಬೂರಿನ ಕಡಲ ದಂಡೆಗೆ ಹೋಗಿ, ತೆರೆಗೆ ಕಾಲೊಡ್ಡಿ ವಾಪಸ್ಸಾಗುತ್ತಾರೆ. ಕಡಲು ನೋಡಬೇಕಾದ್ದೇ. ಆದರೆ ಆ ಊರಿನ ಸುತ್ತಾಟ ಶುರುವಾಗಬೇಕಾದದ್ದು ಹಳೆ ಬಂದರಿನಲ್ಲಿ. ಅಲ್ಲಿನ ಗುಡಿ, ಮಸೀದಿ, ಇಗರ್ಜಿ, ಹಂಚು ಎಲ್ಲದಕ್ಕೂ ಆ ಬಂದರಿನ ನಂಟಿದೆ.

ದಕ್ಷಿಣದಿಂದ ನೇತ್ರಾವತಿ, ಉತ್ತರದಿಂದ ಗುರುಪುರ ನದಿ ಬಂದು ಕೂಡಿ ಕಡಲು ಸೇರುವ ಕಡೆ ಈ ಬಂದರು. ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿ ಎಂಬ ಸರಕು ಹಡಗುಗಳು ಇಲ್ಲಿಂದ ಹೊರಡುತ್ತವೆ. ಪಕ್ಕದ ದಕ್ಕೆಯಲ್ಲಿ ಬೆಳಗಿನ ಜಾವವೇ ಮೀನಿನ ವ್ಯಾಪಾರ ಜೋರು. ಒಳಗಿನ ಇಕ್ಕಟ್ಟು ಬೀದಿಗಳಲ್ಲಿ ಅಡಿಕೆ, ಮೆಣಸಿನಕಾಯಿ, ಒಣಮೀನಿನ ವಾಸನೆ ಒಟ್ಟೊಟ್ಟಿಗೆ ಮೂಗಿಗೆ ಬಡಿಯುತ್ತದೆ. ಹನ್ನೆರಡನೇ ಶತಮಾನದಲ್ಲಿ ಟುನೀಸಿಯಾ ಕಡೆಯ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಈ ಊರಲ್ಲಿ ಸುಮಾರು ಹದಿನೇಳು ವರ್ಷ ನೆಲೆಸಿ ವ್ಯಾಪಾರ ಮಾಡಿದ, ಕಂಚಿನ ಸಾಮಾನು ಮಾಡಿಸುವ ಕಾರ್ಖಾನೆಯನ್ನೂ ಇಟ್ಟಿದ್ದ. ಅವನ ಕಾಗದಪತ್ರಗಳು ಸಿಕ್ಕಿದ್ದು ದೂರದ ಕೈರೋದಲ್ಲಿ. ಅವುಗಳಲ್ಲಿ ಅವನ ಪರವಾಗಿ ವ್ಯವಹಾರ ನೋಡಿಕೊಳ್ಳುತ್ತಿದ್ದ ಬೊಮ್ಮ ಎಂಬ ಸೇವಕನ ಹೆಸರು ಉಳಿದಿದೆ. ಹದಿನಾಲ್ಕನೇ ಶತಮಾನದಲ್ಲಿ ಬಂದ ಇಬ್ನ್ ಬತೂತ ಇಲ್ಲಿ ಪರ್ಷಿಯಾ, ಯೆಮನ್ ದೇಶಗಳ ವರ್ತಕರನ್ನು ಕಂಡ. ಅಂಥ ವರ್ತಕರ ನೆನಪು ಬಂದರಿನ ಝೀನತ್ ಬಕ್ಷ್ ಮಸೀದಿಯಲ್ಲಿದೆ. ಅಲ್ಲಿನ ಕೆತ್ತನೆಯ ಮರದ ಕಂಬಗಳ ನಯಗಾರಿಕೆ ಕಂಡೇ ತಿಳಿಯಬೇಕು. ಒಳಗೆ ಹೋಗುವ ಮುನ್ನ ಅನುಮತಿ ಕೇಳಬೇಕು.

ಗುರುಪುರ ನದಿಯ ದಡದ ಬೋಳೂರಿನಲ್ಲಿ ಸುಲ್ತಾನ್ ಬತ್ತೇರಿ ಇದೆ. ಶತ್ರುಗಳ ಹಡಗು ನದಿಯೊಳಗೆ ನುಗ್ಗದಂತೆ ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಬುರುಜು ಇದು. ಬಾದಾಮಿಯ ಕೋಟೆ ಕಂಡವರಿಗೆ ಗಾತ್ರದಲ್ಲಿ ಸಣ್ಣದೇ. ಮೆಟ್ಟಿಲು ಹತ್ತಿ ತೋಪಿನ ಕಿಂಡಿಗೆ ಕಣ್ಣಿಟ್ಟರೆ ಮಾತ್ರ ಅದರ ಮರ್ಮ ಗೊತ್ತಾಗುತ್ತದೆ: ಕೆಳಗೆ ಹೊಳೆಯಲ್ಲಿ ಸಾಗುವ ದೋಣಿ ನೇರ ಗುರಿಗೆ ಸಿಗುತ್ತದೆ.

ಒಂದೇ ಜಾಗ ನೋಡುವಷ್ಟು ಹೊತ್ತಿದ್ದರೆ ಕದ್ರಿಗೇ ಹೋಗಬೇಕು. ಮಂಜುನಾಥ ದೇವಸ್ಥಾನದಲ್ಲಿ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ಮೂರ್ತಿಯಿದೆ. ಆಳುಪ ದೊರೆ ಕುಂದವರ್ಮ ಕದರಿಕಾ ವಿಹಾರದಲ್ಲಿ ಇದನ್ನು ಪ್ರತಿಷ್ಠಾಪಿಸಿದ ಎಂದು ಪೀಠದ ಶಾಸನ ಹೇಳುತ್ತದೆ, ಕಾಲ ಕ್ರಿ.ಶ. 968. ವಿಹಾರ ಎಂದ ಮೇಲೆ ಬೌದ್ಧರ ನೆಲೆ. ಲೋಕೇಶ್ವರನ ಕಿರೀಟದಲ್ಲಿ ಧ್ಯಾನಕ್ಕೆ ಕೂತ ಪುಟ್ಟ ಬುದ್ಧನೂ ಇದ್ದಾನೆ. ಬೌದ್ಧರ ನಂತರ ನಾಥಪಂಥದವರು ಬಂದರು. ಗುಡ್ಡದ ಮೇಲೆ ಅವರ ಜೋಗಿ ಮಠ ಈಗಲೂ ಇದೆ. ಇಷ್ಟೆಲ್ಲ ಬದಲಾದರೂ ಮೂರ್ತಿ ಉಳಿಯಿತು. ದಕ್ಷಿಣ ಭಾರತದ ಕಂಚಿನ ಶಿಲ್ಪಗಳಲ್ಲಿ ಇದಕ್ಕೆ ಸಿಗಬೇಕಾದ ಹೆಸರು ಇನ್ನೂ ಸಿಕ್ಕಿಲ್ಲ.

ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಹೊರಗಿನಿಂದ ಸಾದಾ ಕಟ್ಟಡ. ಒಳಗೆ ಕಾಲಿಟ್ಟರೆ ಗೋಡೆ, ಕಮಾನು, ಛಾವಣಿ ಎಲ್ಲೆಲ್ಲೂ ಚಿತ್ರ. ಇಟಲಿಯ ಬೆರ್ಗಾಮೊ ಕಡೆಯಿಂದ ಬಂದ ಜೆಸುಯಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ 1899ರಲ್ಲಿ ಕೈಹಚ್ಚಿ ಎರಡು ವರ್ಷಗಳ ಆಸುಪಾಸಿನಲ್ಲಿ ಮುಗಿಸಿದ ಕೆಲಸವಿದು. ಗೋಡೆಯ ಚಿತ್ರಗಳಿಗೆ ಅವರು ಬಳಸಿದ್ದು ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ ಪದ್ಧತಿ. ಆವತ್ತು ಬರೆಯುವಷ್ಟು ಭಾಗಕ್ಕೆ ಮಾತ್ರ ಸುಣ್ಣದ ಗಾರೆ ಬಳಿಯಬೇಕು, ಅದು ಆರುವುದರೊಳಗೆ ಚಿತ್ರ ಮುಗಿಯಬೇಕು. ಆರಿದ ಮೇಲೆ ತಿದ್ದಬೇಕೆಂದರೆ ಗಾರೆ ಕಿತ್ತು ಮತ್ತೆ ಬಳಿಯಬೇಕು. ಛಾವಣಿಯಲ್ಲಿ ಸಂತ ಅಲೋಶಿಯಸ್ ಜೀವನದ ಪ್ರಸಂಗಗಳಿವೆ. ಕತ್ತೆತ್ತಿ ನೋಡುವ ಮೊದಲು ಬಾಗಿಲ ಬಳಿಯ ಬೆಂಚಿನಲ್ಲಿ ಕೂರುವುದು ಒಳ್ಳೆಯದು. ಮೊಸ್ಕೇನಿ ಆಮೇಲೆ ಇಟಲಿಗೆ ಮರಳಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಇನ್ನು ಹಂಚು. ಹುನಗುಂದದ ಕಡೆ ಮಳೆ ಕಡಿಮೆ, ಮಣ್ಣಿನ ಮಾಳಿಗೆ ನಡೆಯುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ ಮೂರು ಮೀಟರಿಗೂ ಮಿಕ್ಕಿ ಮಳೆ, ಅಲ್ಲಿ ಹಂಚಿನ ಸೂರೇ ಬೇಕು. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ನದಿ ದಂಡೆಯ ಜೇಡಿಮಣ್ಣು ಹತ್ತಿರದಲ್ಲೇ ಸಿಗುತ್ತಿತ್ತು, ತಯಾರಾದ ಹಂಚನ್ನು ಸಾಗಿಸಲು ನದಿ ಮತ್ತು ಬಂದರು ಇದ್ದವು. ಒಂದರ ಅಂಚು ಇನ್ನೊಂದರ ಅಂಚಿಗೆ ಕಚ್ಚಿ ಕೂರುವ ಈ ಹಂಚು ಹಡಗು ಹತ್ತಿ ಆಫ್ರಿಕಾದವರೆಗೂ ಹೋಯಿತು. ಕಾಂಕ್ರೀಟು ಬಂದ ಮೇಲೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಉಳಿದ ಹೊಗೆ ಕೊಳವೆಗಳನ್ನಾದರೂ ಕಾಪಾಡಿಕೊಂಡರೆ ಊರಿಗೇ ಶೋಭೆ. ಹಂಚಿನ ಜತೆಗೆ ಅಚ್ಚಿನ ಕೆಲಸವೂ ಇತ್ತು: ಗುಳೇದಗುಡ್ಡದಲ್ಲೂ ಠಾಣೆ ಇಟ್ಟಿದ್ದ ಇದೇ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು. ಕಿಟ್ಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಮುದ್ರಣವಾದದ್ದೂ ಮಂಗಳೂರಿನ ಮಿಶನ್ ಪ್ರೆಸ್ಸಿನಲ್ಲೇ.

ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠಾಪಿಸಿದ ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನಕ್ಕೆ ದಸರಾ ಹೊತ್ತಿಗೆ ಹೋದರೆ ಚೆಂದ.

ಪಣಂಬೂರನ್ನು ಕೊನೆಗೆ ಇಟ್ಟುಕೊಳ್ಳಬಹುದು. ದೊಡ್ಡ ಹಡಗು ನಿಲ್ಲುವಷ್ಟು ಆಳ ಹಳೆ ಬಂದರಿಗಿರಲಿಲ್ಲ. ಹಾಗಾಗಿ ಇಲ್ಲಿ ನೆಲ ಅಗೆದು, ಕಡಲ ನೀರನ್ನು ಒಳಕ್ಕೆ ತಂದು ನವ ಮಂಗಳೂರು ಬಂದರು ಮಾಡಿದರು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು. ದಂಡೆಯಲ್ಲಿ ನಿಂತರೆ ಸರದಿ ಕಾಯುವ ಹಡಗುಗಳು ದೂರದಲ್ಲಿ ಕಾಣುತ್ತವೆ. ಮಳೆಗಾಲದಲ್ಲಿ ನೀರಿಗಿಳಿಯುವುದು ಅಪಾಯ. ಬಯಲುಸೀಮೆಯವರಿಗೆ ನವೆಂಬರಿನಿಂದ ಫೆಬ್ರವರಿವರೆಗಿನ ದಿನಗಳೇ ಹಿತ. ಊರಿಗೆ ಮರಳುವ ಬಸ್ಸು ರಾತ್ರಿಯದಾದರೆ, ಹಂಪನಕಟ್ಟೆಯಲ್ಲಿ ಇಳಿದು ಮಕ್ಕಳಿಗೆ ಗಡ್‌ಬಡ್ ಐಸ್‌ಕ್ರೀಂ ಕೊಡಿಸುವಷ್ಟು ಸಮಯ ಸಿಗುತ್ತದೆ.