ಎಂಟು ಮೈಕಿಗೆ ಒಂದೇ ಗಡಿಯಾರ

ಮಲ್ಟಿಚಾನೆಲ್ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಎಂದರೆ ಹಲವು ಮೈಕುಗಳ ದನಿಯನ್ನು ಒಟ್ಟಿಗೇ ಅಂಕಿಗಳಾಗಿಸಿ ಒಂದೇ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಕಳಿಸುವ ಪೆಟ್ಟಿಗೆ. ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯಂಥ ಊರಿನಲ್ಲಿ ಕೈವಾರ ತಾತಯ್ಯನವರ ಪದಗಳ ಭಜನೆಯನ್ನು ಧ್ವನಿಮುದ್ರಿಸುವವರಿಗೆ ಬೇಕಾದದ್ದು ಇದೇ. ಹಾಡುಗಾರರಿಗೆ, ಹಾರ್ಮೋನಿಯಂಗೆ, ತಬಲಕ್ಕೆ, ತಾಳಕ್ಕೆ ಬೇರೆ ಬೇರೆ ಮೈಕಿದ್ದರೆ, ಹಾಡನ್ನು ಮುಚ್ಚಿಹಾಕುವ ತಾಳವನ್ನಷ್ಟೇ ಆಮೇಲೆ ತಗ್ಗಿಸಬಹುದು. ಪದ್ಮಶ್ರೀ ಮುನಿವೆಂಕಟಪ್ಪನವರ ತಮಟೆಯಿಂದ ಹೆಸರಾದ ಈ ಜಿಲ್ಲೆಯಲ್ಲಿ ಅಂಥ ಧ್ವನಿಮುದ್ರಣ ಇನ್ನೂ ಎಷ್ಟೋ ಆಗಬೇಕಿದೆ.

ಲಿನಕ್ಸ್‌ನಲ್ಲಿ ಇದಕ್ಕೆ ಬೇರೆ ಡ್ರೈವರ್ ಹುಡುಕುವ ಕೆಲಸ ಸಾಮಾನ್ಯವಾಗಿ ಇರುವುದಿಲ್ಲ. ಯುಎಸ್‌ಬಿ ಆಡಿಯೊ ಕ್ಲಾಸ್ ಎಂಬ ನಿಯಮಕ್ಕೆ ಒಗ್ಗಿದ ಪೆಟ್ಟಿಗೆಯನ್ನು ಸಿಕ್ಕಿಸಿದ ಕೂಡಲೇ ಕರ್ನಲ್ಲಿನೊಳಗಿನ ಆಲ್ಸಾ ಎಂಬ ಧ್ವನಿ ವ್ಯವಸ್ಥೆ ಅದನ್ನು ಗುರುತಿಸುತ್ತದೆ. ಪೈಪ್‌ವೈರ್ ಇರುವ ಕಂಪ್ಯೂಟರಿನಲ್ಲಿ ‘ಪ್ರೊ ಆಡಿಯೊ’ ಪ್ರೊಫೈಲ್ ಆರಿಸಿದರೆ ಎಲ್ಲ ಚಾನೆಲ್‌ಗಳೂ ಬಿಡಿಬಿಡಿಯಾಗಿ ಸಿಗುತ್ತವೆ.

ಬೆರಗು ಇರುವುದು ಕೇಬಲ್ಲಿನೊಳಗೆ. ಯುಎಸ್‌ಬಿ 2.0 ಒಂದು ಸೆಕೆಂಡನ್ನು 8,000 ತುಣುಕು ಮಾಡುತ್ತದೆ. ಸೆಕೆಂಡಿಗೆ 48,000 ಮಾದರಿ ತೆಗೆಯುವಾಗ ತುಣುಕೊಂದಕ್ಕೆ ಪ್ರತಿ ಚಾನೆಲ್ಲಿನ 6 ಮಾದರಿ ಸರಿಯಾಗಿ ಕೂರುತ್ತವೆ. ಸಿ.ಡಿ.ಯ 44,100ಕ್ಕೆ ಲೆಕ್ಕ ಸಮನಾಗದು; ಆಗ ಕೆಲವು ತುಣುಕಿಗೆ 5, ಕೆಲವಕ್ಕೆ 6. ದಾರಿಯಲ್ಲಿ ಕೆಟ್ಟ ತುಣುಕನ್ನು ಮತ್ತೆ ಕಳಿಸುವ ಏರ್ಪಾಡಿಲ್ಲ, ಅದು ‘ಟಕ್’ ಎಂಬ ಸದ್ದಾಗಿ ಕೇಳಿಸುತ್ತದೆ. ಚಿನ್ನದ ಲೇಪದ ದುಬಾರಿ ಕೇಬಲ್ಲಿನಿಂದ ದನಿ ಇಂಪಾಗುತ್ತದೆ ಎಂಬುದು ಶುದ್ಧ ಮೂಢನಂಬಿಕೆ. ಅಂಕಿ ಸರಿಯಾಗಿ ತಲುಪಿದರೆ ಸಾಕು, ಅದಕ್ಕಿಂತ ಇಂಪಾಗಿ ತಲುಪಲಾರದು.

ಇನ್ನೊಂದು ತಪ್ಪು ತಿಳಿವಳಿಕೆ ಹೆಚ್ಚು ಹಾನಿಕರ: ಅಗ್ಗದ ನಾಲ್ಕು ಯುಎಸ್‌ಬಿ ಮೈಕು ಜೋಡಿಸಿದರೆ ನಾಲ್ಕು ಚಾನೆಲ್ ಆಯಿತು ಎಂಬುದು. ಪ್ರತಿ ಮೈಕಿನೊಳಗೂ ಅದರದೇ ಸ್ಫಟಿಕದ ಗಡಿಯಾರವಿರುತ್ತದೆ, ಯಾವ ಎರಡು ಸ್ಫಟಿಕವೂ ತದ್ವತ್ತಾಗಿ ಮಿಡಿಯುವುದಿಲ್ಲ. ಹತ್ತು ಲಕ್ಷದಲ್ಲಿ 50ರಷ್ಟು ಅಂತರವಿದ್ದರೂ ಒಂದು ತಾಸಿನಲ್ಲಿ 0.18 ಸೆಕೆಂಡ್ ಜಾರುತ್ತದೆ. ಅಷ್ಟು ಸಾಕು, ತಬಲದ ಪೆಟ್ಟು ಹಾಡಿನಿಂದ ಹಿಂದೆ ಬೀಳುತ್ತದೆ. ತಂತ್ರಾಂಶ ಮಾದರಿಗಳನ್ನು ಹಿಗ್ಗಿಸಿ ಕುಗ್ಗಿಸಿ ಹೊಂದಿಸಬಲ್ಲದು, ಆದರೆ ಅದು ತೇಪೆಯ ಕೆಲಸ. ಇಂಟರ್‌ಫೇಸಿನಲ್ಲಿ ಎಲ್ಲ ಚಾನೆಲ್‌ಗೂ ಒಂದೇ ಗಡಿಯಾರ. ಉತ್ತಮ ಪೆಟ್ಟಿಗೆಗಳಲ್ಲಿ ಕಂಪ್ಯೂಟರೇ ಆ ಗಡಿಯಾರಕ್ಕೆ ಹೆಜ್ಜೆ ಹಾಕುತ್ತದೆ. ಎರಡು ಪೆಟ್ಟಿಗೆ ಬೇಕೇ ಬೇಕೆಂದರೆ ವರ್ಡ್ ಕ್ಲಾಕ್ ಅಥವಾ ಏಡಾಟ್ ಕೇಬಲ್ಲಿನಿಂದ ಒಂದರ ಗಡಿಯಾರವನ್ನು ಇನ್ನೊಂದಕ್ಕೆ ಉಣಿಸಬೇಕು.

ಇದೇ ತತ್ತ್ವದ ದೊಡ್ಡ ರೂಪ ಇದೇ ಜಿಲ್ಲೆಯ ಗೌರಿಬಿದನೂರಿನಲ್ಲಿದೆ. 1965ರಲ್ಲಿ ಅಲ್ಲಿ ಸ್ಥಾಪನೆಯಾದ, ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪನ ಕೇಂದ್ರ, ಎಲ್ ಆಕಾರದಲ್ಲಿ ಹರಡಿದ 20 ಕಂಪನಮಾಪಕಗಳಿಂದ ನೆಲಕ್ಕೆ ಕಿವಿಗೊಟ್ಟಿತು. ಅಲೆ ಯಾವ ಮಾಪಕವನ್ನು ಎಷ್ಟು ಬೇಗ ಮುಟ್ಟಿತು ಎಂಬ ಅಂತರದಿಂದಲೇ ಅದು ಬಂದ ದಿಕ್ಕು ತಿಳಿಯುವುದು. ಮಾಪಕಗಳ ಕಾಲ ಒಂದಕ್ಕೊಂದು ಹೊಂದದಿದ್ದರೆ ದಿಕ್ಕೇ ತಪ್ಪುತ್ತದೆ.

ಮತ್ತೆ ಭಜನೆಗೆ ಬರೋಣ. ಧ್ವನಿಮುದ್ರಣಕ್ಕಷ್ಟೇ ಆದರೆ, ಕಂಪ್ಯೂಟರ್ ದನಿಯನ್ನು ಕೂಡಿಟ್ಟುಕೊಳ್ಳುವ ಬಫರನ್ನು 1,024 ಮಾದರಿಗೆ ಇಡುವುದು ಕ್ಷೇಮ. 21 ಮಿಲಿಸೆಕೆಂಡಿನ ವಿಳಂಬದಿಂದ ಯಾರಿಗೂ ತೊಂದರೆಯಿಲ್ಲ. ಎಂಟು ಚಾನೆಲ್, 24 ಬಿಟ್, 48,000 ಮಾದರಿ ಎಂದರೆ ತಾಸಿಗೆ ಸುಮಾರು 4.1 ಗಿಗಾಬೈಟ್. ಮಾಮೂಲಿ ವೇವ್ ಫೈಲಿನ ಮಿತಿ ಸುಮಾರು 62 ನಿಮಿಷಕ್ಕೇ ತುಂಬುತ್ತದೆ. ದೀರ್ಘ ಭಜನೆಗೆ ಚಾನೆಲ್ಲಿಗೊಂದರಂತೆ ಬೇರೆ ಫೈಲ್ ಇರಲಿ.