ಕೋಡ್ ಒಂದು, ಲೈಸೆನ್ಸ್ ಎರಡು

ಸ್ವೀಡನ್ನಿನ ಮೈಎಸ್‌ಕ್ಯೂಎಲ್ ಡೇಟಾಬೇಸ್ 2000ರಲ್ಲಿ ಜಿಪಿಎಲ್ ಲೈಸೆನ್ಸಿನಡಿ ಬಂತು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತಿದ್ದಬಹುದು. ಆದರೆ ಅದನ್ನು ತಮ್ಮ ಸಾಫ್ಟ್‌ವೇರಿನೊಳಗೆ ಸೇರಿಸಿ ಗಿರಾಕಿಗೆ ಕೊಡುವವರು ತಮ್ಮ ಸೋರ್ಸ್ ಕೋಡನ್ನೂ ಬಿಚ್ಚಿಡಬೇಕು.

ಗುಟ್ಟು ಬಿಡಲು ಮನಸ್ಸಿಲ್ಲದವರು ದುಡ್ಡು ಕೊಟ್ಟು ವಾಣಿಜ್ಯ ಲೈಸೆನ್ಸ್ ಕೊಳ್ಳಬೇಕು. ಕೋಡ್ ಅದೇ, ಕರಾರು ಬೇರೆ. ಜಾಣ ವ್ಯಾಪಾರವೇ ಸರಿ!

ಇದು ನಡೆಯಬೇಕಾದರೆ ಇಡೀ ಕೋಡಿನ ಕಾಪಿರೈಟ್ ಮೈಎಸ್‌ಕ್ಯೂಎಲ್ ತಯಾರಿಸುವ ಕಂಪನಿಯ ಕೈಯಲ್ಲಿರಬೇಕು. ಅದಕ್ಕೇ ಹೊರಗಿನವರು ಬರೆದುಕೊಟ್ಟ ತುಣುಕಿನ ಹಕ್ಕನ್ನೂ ಮೊದಲೇ ಬರೆಸಿಕೊಳ್ಳುತ್ತಿದ್ದರು. ಆ ಹಕ್ಕು 2008ರಲ್ಲಿ ಸನ್ ಕಂಪನಿಗೆ, 2010ರಲ್ಲಿ ಸನ್ ಸಮೇತ ಒರೇಕಲ್‌ಗೆ ಹೋಯಿತು. ಮೂಲ ಕರ್ತೃಗಳಲ್ಲೊಬ್ಬರಾದ ಮೈಕೆಲ್ ವಿಡೆನಿಯಸ್ ಅಷ್ಟರಲ್ಲಾಗಲೇ ಜಿಪಿಎಲ್ ಕೋಡನ್ನೇ ಎತ್ತಿಕೊಂಡು ಮರಿಯಾಡಿಬಿ ಶುರುಮಾಡಿದ್ದರು. ಹಾಗೆಂದು, ತಾವೇ ಬರೆದ ಹಳೆಯ ಕೋಡನ್ನು ವಾಣಿಜ್ಯ ಲೈಸೆನ್ಸಿನಲ್ಲಿ ಮಾರುವ ಅಧಿಕಾರ ಅವರಿಗಿರಲಿಲ್ಲ.