ಒಂದೇ ಔಷಧಿ, ಬೇರೆ ಅಳತೆ

ಸಿಯಾಟಲ್ ಬಳಿಯ ಬೆಲ್‌ವ್ಯೂ ನಗರದ ಕ್ರಾಸ್‌ರೋಡ್ಸ್‌ನಲ್ಲಿ ಬೇಸಿಗೆ ಎಂದರೆ ಊರಿನಿಂದ ಅಜ್ಜ-ಅಜ್ಜಿಯರು ಬರುವ ಕಾಲ. ಅವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹುರಿಹಿಟ್ಟಿನ ಪಕ್ಕದಲ್ಲೇ ಮೊಮ್ಮಗುವಿನ ಜ್ವರಕ್ಕೆಂದು ಮೆಡಿಕಲ್ ಶಾಪಿನಿಂದ ತಂದ ಪ್ಯಾರಸಿಟಮಾಲ್ ಬಾಟಲಿಯೂ ಇರುವುದುಂಟು. ಇಲ್ಲಿನ ಟೈಲೆನಾಲ್‌ನಲ್ಲಿರುವುದೂ ಅದೇ ಔಷಧಿ. ಆದರೆ ಅಳತೆ ಅದೇ ಅಲ್ಲ.

ಅಮೆರಿಕದಲ್ಲಿ ಮಕ್ಕಳ ದ್ರವದ 5 ಎಂ.ಎಲ್.ಗೆ ಔಷಧಿ 160 ಮಿಲಿಗ್ರಾಂ. ಭಾರತದ ಸಿರಪ್‌ಗಳಲ್ಲಿ ಅಷ್ಟೇ ದ್ರವಕ್ಕೆ 120, 125, 250 ಹೀಗೆ ಹಲವು ಬಗೆ. ಹಸುಳೆಗಳ ಡ್ರಾಪ್ಸ್‌ನಲ್ಲಂತೂ 1 ಎಂ.ಎಲ್.ಗೇ 100 ಮಿಲಿಗ್ರಾಂ. ಹತ್ತು ಕಿಲೋ ತೂಗುವ ಮಗುವಿಗೆ ಒಂದು ಸಲಕ್ಕೆ 100ರಿಂದ 150 ಮಿಲಿಗ್ರಾಂ ಸಾಕು. ಇಲ್ಲಿನ ಅಭ್ಯಾಸದಂತೆ 4 ಎಂ.ಎಲ್. ಎಳೆದರೆ ಸಿಗುವುದು 128. ಊರಿನ ಡ್ರಾಪ್ಸನ್ನೇ ಅಷ್ಟು ಎಳೆದರೆ 400! ಅದನ್ನೇ ದಿನಕ್ಕೆ ನಾಲ್ಕು ಬಾರಿ ಕುಡಿಸಿದರೆ ಯಕೃತ್ತಿಗೆ ಅಪಾಯ. ಇಂಥದೇ ಗೊಂದಲ ಅಮೆರಿಕದಲ್ಲೂ ಇತ್ತು. 2011ರಲ್ಲಿ ತಯಾರಕರು ಗಟ್ಟಿ ಡ್ರಾಪ್ಸ್ ಕೈಬಿಟ್ಟು ಶಿಶುಗಳಿಗೂ ಮಕ್ಕಳಿಗೂ ಒಂದೇ ಸಾಂದ್ರತೆ ಇಟ್ಟರು. ತಡವಾದರೂ ಬುದ್ಧಿವಂತ ನಿರ್ಧಾರ.

ಮಾತ್ರೆ ನುಂಗದ ಮಗುವಿಗೆ ದ್ರವವೇ ಗತಿ. ಅದನ್ನು ತಯಾರಿಸುವುದು ಸುಲಭವಲ್ಲ. ಎಷ್ಟೋ ಔಷಧಿಗಳು ಕಹಿ. ಎಷ್ಟೋ ನೀರಿನಲ್ಲಿ ಕರಗುವುದಿಲ್ಲ. ಕೆಲವನ್ನು ಪುಡಿಯಾಗಿ ತೇಲಿಸಿಡುತ್ತಾರೆ, ಬಾಟಲಿ ಅಲುಗಾಡಿಸಿ ಎನ್ನುವುದು ಅದಕ್ಕೇ. ಕೆಲವನ್ನು ಕರಗಿಸಲು ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಮದ್ಯಸಾರ ಬೇಕು. ಎಚ್‌ಐವಿಯ ಕಲೆಟ್ರಾ ದ್ರವದಲ್ಲಿ ಮದ್ಯಸಾರವೇ ಸುಮಾರು 42 ಪ್ರತಿಶತ. ನವಜಾತ ಶಿಶುಗಳಿಗೆ ಅದು ಅಪಾಯ ಎಂದು 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿತು. ಔಷಧಿಯಷ್ಟೇ ಅಲ್ಲ, ಅದು ಕರಗಿರುವ ದ್ರವವೂ ಮಗುವಿನ ಹೊಟ್ಟೆ ಸೇರುತ್ತದೆ.

ಈ ಪಾಠಕ್ಕೆ ತೆತ್ತ ಬೆಲೆ ದೊಡ್ಡದು. 1937ರಲ್ಲಿ ಟೆನೆಸಿಯ ಮ್ಯಾಸೆಂಗಿಲ್ ಕಂಪನಿ ಸೋಂಕಿನ ಔಷಧಿಯಾದ ಸಲ್ಫಾನಿಲಮೈಡನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ ರಾಸ್‌ಬೆರಿ ರುಚಿ ಬೆರೆಸಿತು. ರುಚಿ, ಬಣ್ಣ, ವಾಸನೆ ನೋಡಿದರು. ವಿಷವೇ ಎಂದು ಪರೀಕ್ಷಿಸಲಿಲ್ಲ. ಮೂತ್ರಪಿಂಡ ಕೆಟ್ಟು ನೂರಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷ ಅಮೆರಿಕ ಹೊಸ ಕಾನೂನು ತಂದಿತು. ಅದಾಗಿ ಎಂಟು ದಶಕ ಕಳೆದ ಮೇಲೆ, 2025ರಲ್ಲಿ, ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೋಲ್ಡ್ರಿಫ್ ಕೆಮ್ಮಿನ ಸಿರಪ್ ಕುಡಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಅದರಲ್ಲಿದ್ದದ್ದೂ ಅದೇ ವಿಷ: 48.6 ಪ್ರತಿಶತ. ಇರಬಹುದಾದ ಮಿತಿ 0.1. ಕಚ್ಚಾವಸ್ತುವಿನ ಪ್ರತಿ ಡ್ರಮ್ಮನ್ನೂ ಪರೀಕ್ಷಿಸಿದ್ದರೆ ತಪ್ಪಿಸಬಹುದಾಗಿದ್ದ ಸಾವುಗಳಿವು.

ಕಾರ್ಖಾನೆಯ ತಪ್ಪನ್ನು ತಾಯಿ ತಡೆಯಲಾರಳು. ಅಳತೆಯ ತಪ್ಪನ್ನು ತಡೆಯಬಹುದು. ಅಡುಗೆಮನೆಯ ಚಮಚ ಬೇಡ, ಮುಚ್ಚಳದ ಅಂದಾಜೂ ಬೇಡ, ಎಂ.ಎಲ್. ಗೆರೆಯಿರುವ ಸೂಜಿಯಿಲ್ಲದ ಸಿರಿಂಜೇ ಸರಿ. ಎರಡು ವರ್ಷದೊಳಗಿನ ಮಗುವಿಗೆ ವೈದ್ಯರು ಹೇಳದೆ ಕೆಮ್ಮು-ನೆಗಡಿಯ ಸಿರಪ್ ಕೊಡಬೇಡಿ. ಕ್ರಾಸ್‌ರೋಡ್ಸ್‌ನ ಮನೆಯಲ್ಲಿ ಅಳತೆ ತಪ್ಪಿತೆಂದು ಅನುಮಾನ ಬಂದರೆ, ಮಗು ಆಟವಾಡುತ್ತಿದ್ದರೂ ಸರಿ, ಊರಿನ ಬಾಟಲಿ ಕೈಯಲ್ಲಿ ಹಿಡಿದೇ ವಾಷಿಂಗ್ಟನ್ ಪಾಯ್ಸನ್ ಸೆಂಟರ್‌ಗೆ ಫೋನ್ ಮಾಡಿ: 1-800-222-1222. ಹಗಲು-ರಾತ್ರಿ ತೆರೆದಿರುತ್ತದೆ, ಶುಲ್ಕವಿಲ್ಲ.